ಅಯ್ಯಾವೊಳೆಯ ವಾಣಿಜ್ಯ ದಾಖಲೆಗಳು : ಒಂದು ಅವಲೋಕನ

ಮಲಪ್ರಭೆಯ ದಂಡೆಯ ಮೇಲಿರುವ ಐಹೊಳೆಯು ದೇವಾಲಯ ಶಿಲ್ಪದ ತೊಟ್ಟಿಲೆಂದು ಲೋಕವಿಖ್ಯಾತವಾಗಿದೆ. ನೂರಕ್ಕೂ ಮಿಕ್ಕಿದ ಅಲ್ಲಿಯ ಗುಡಿಗಳನ್ನು ಕುರಿತು ದೇಶವಿದೇಶಗಳ ವಿದ್ವಾಂಸರು ವಿಪುಲವಾಗಿ ಬರೆದಿದ್ದಾರೆ. ಆದರೆ ಈ ಊರಿಗೆ ಇನ್ನೊಂದು ಕೀರ್ತಿಯೂ ಇತ್ತು. ಒಂದಾನೊಂದು ಕಾಲದಲ್ಲಿ ಅಯ್ಯಾವೊಳೆ ಎಂಬ ಹೆಸರನ್ನು ಕೇಳಿದ ಪರದೇಶದವನ ಮನಸ್ಸಿಗೆ ಮೊದಲು ತೋರುತ್ತಿದ್ದುದು ಗುಡಿಯಲ್ಲ, ವರ್ತಕರ ಪರಿಷೆ. ಅಯ್ಯಾವೊಳೆಯ ಐನೂರ್ವರು ಸ್ವಾಮಿಗಳೆಂಬ ವಣಿಕ್ ಸಂಘದ ಹೆಸರು ಕನ್ನಡ ನಾಡಿನ ಪೇಟೆಗಳಲ್ಲಿ ಮಾತ್ರವಲ್ಲದೆ ತಮಿಳು ನಾಡು, ಆಂಧ್ರ, ಸಿಂಹಳ, ಕಡಲಾಚೆಯ ಸುಮಾತ್ರ ದ್ವೀಪದವರೆಗೂ ಕಲ್ಲಿನ ಮೇಲೆ ಕೊರೆಯಲ್ಪಟ್ಟಿದೆ. ಆ ಹೆಸರಿನ ಜಾಡನ್ನು ಹಿಡಿದು, ಒಂದು ನದೀತೀರದ ಪಟ್ಟಣದ ವಾಣಿಜ್ಯ ಚರಿತ್ರೆಗೆ ಯಾವ ಬಗೆಯ ದಾಖಲೆಗಳು ಉಳಿದಿವೆ, ಅವು ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ವಿಷಯದಲ್ಲಿ ಶರಣ ಸಾಹಿತ್ಯದ ಅಭ್ಯಾಸಿಗಳಿಗೆ ಸಹಜವಾದ ಆಸಕ್ತಿಯಿದೆ. ಐಹೊಳೆಯನ್ನು ಮುಟ್ಟಿ ಹರಿಯುವ ಅದೇ ಮಲಪ್ರಭೆ ಕೆಳಕ್ಕೆ ಸಾಗಿ ಕೃಷ್ಣೆಯನ್ನು ಕೂಡುವ ಸ್ಥಳವೇ ಕೂಡಲಸಂಗಮ. ಬಸವಣ್ಣನವರ ಸಾಧನೆಯ ನೆಲಕ್ಕೂ ಐನೂರ್ವರ ಹೆಸರಿನ ನೆಲಕ್ಕೂ ನಡುವೆ ಹರಿಯುವುದು ಒಂದೇ ಹೊಳೆ. ಹೀಗಿರುವುದರಿಂದಲೇ ನಮ್ಮಲ್ಲಿ ಕೆಲವರು ಐನೂರ್ವರನ್ನು ವೀರಶೈವ ಬಣಜಿಗರ ಪೂರ್ವಿಕರೆಂದು ನೇರವಾಗಿ ಹೇಳಿಬಿಡುತ್ತಾರೆ. ಅದು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ದಾಖಲೆಗಳ ಬಾಯಿಂದಲೇ ಕೇಳುವುದು ಯುಕ್ತ.

1. ಊರು ಮತ್ತು ಹೊಳೆ

ಐಹೊಳೆಯು ಇಂದು ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲೂಕಿಗೆ ಸೇರಿದ ಗ್ರಾಮ. ಪ್ರಾಚೀನ ಶಾಸನಗಳಲ್ಲಿ ಅಯ್ಯಾವೊಳೆ, ಆರ್ಯಪುರ ಎಂಬ ರೂಪಗಳು ಕಾಣಬರುತ್ತವೆ. ತಮಿಳು ಶಾಸನಗಳಲ್ಲಿ ಇದೇ ಹೆಸರು ಅಯ್ಯಪ್ಪೊಳಿಲ್ ಎಂದಾಗಿದೆ. ಊರಿನ ಹಿಂದಿನ ಮೇಗುತಿ ಗುಡ್ಡದ ಬಳಿಯ ಶಿಲಾಸಮಾಧಿಗಳು ಚಾಲುಕ್ಯರಿಗಿಂತ ಬಹಳ ಹಿಂದಿನಿಂದಲೂ ಇಲ್ಲಿ ಜನವಸತಿ ಇದ್ದುದನ್ನು ಸಾರುತ್ತವೆ. ಅಂಬಿಗೇರ ಗುಡಿಯ ಹಿಂದೆ ನಡೆದ ಉತ್ಖನನದಲ್ಲಿ ಈಗಿನ ಕಲ್ಲುಗುಡಿಗೂ ಮುಂಚಿನ ಇಟ್ಟಿಗೆಯ ಕಟ್ಟಡದ ಅವಶೇಷಗಳು ದೊರೆತಿವೆ.

ನದಿಯ ಪಟ್ಟಣವೆಂದೊಡನೆ ನಾವೆಗಳು ಸರಕು ತುಂಬಿಕೊಂಡು ಬಂದಿಳಿಯುವ ರೇವನ್ನು ಕಲ್ಪಿಸಿಕೊಳ್ಳುವುದು ಸ್ವಾಭಾವಿಕ. ಮಲಪ್ರಭೆ ಅಂಥ ಹೊಳೆಯಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಈ ನದಿ ಮಳೆಗಾಲದಲ್ಲಿ ಉಕ್ಕಿ ಬೇಸಗೆಯಲ್ಲಿ ಸೊರಗುವಂಥದು. ದಖ್ಖನದ ಇತರ ನದಿಗಳಂತೆ ಇಲ್ಲಿಯೂ ಹರಿಗೋಲುಗಳು ಜನರನ್ನೂ ಸರಕನ್ನೂ ಈ ದಡದಿಂದ ಆ ದಡಕ್ಕೆ ದಾಟಿಸಬಲ್ಲವೇ ಹೊರತು ದೂರದ ಊರಿಗೆ ಒಯ್ಯಲಾರವು. ವ್ಯಾಪಾರವೆಲ್ಲ ಎತ್ತು, ಕೋಣ, ಕತ್ತೆಗಳ ಬೆನ್ನಿನ ಮೇಲೆ ಮತ್ತು ಮನುಷ್ಯರ ಹೆಗಲ ಮೇಲೆ ನಡೆಯಿತು. ಹೊಳೆಯು ಪಟ್ಟಣಕ್ಕೆ ಒದಗಿಸಿದ್ದು ನೀರು, ದಂಡೆಯ ಫಲವತ್ತಾದ ಭೂಮಿ ಮತ್ತು ದಾಟುವ ಕಡವು. ಬಾದಾಮಿ, ಪಟ್ಟದಕಲ್ಲುಗಳ ರಾಜವೈಭವದ ನೆರೆಯಲ್ಲಿ ಬೆಳೆದ ಊರಿಗೆ ರಾಜಾಶ್ರಯವೂ ಶಿಲ್ಪಿಗಳ ನೆಲೆಯೂ ದೊರೆತವು.

ಊರಿನ ಗುಡಿಗಳ ಹೆಸರುಗಳೇ ಒಂದು ಬಗೆಯ ದಾಖಲೆಯಾಗಿವೆ. ಅಂಬಿಗೇರ ಗುಡಿ, ಬಡಿಗೇರ ಗುಡಿ, ಗೌಡರ ಗುಡಿ, ಚರಂತಿಮಠ, ಹುಚ್ಚಪ್ಪಯ್ಯನ ಮಠ, ಲಾಡಖಾನ ಗುಡಿ ಮುಂತಾದ ಹೆಸರುಗಳಲ್ಲಿ ಬಹುಪಾಲು ಈಚಿನ ಶತಮಾನಗಳಲ್ಲಿ ಆ ಕಟ್ಟಡಗಳಲ್ಲಿ ಅಥವಾ ಅವುಗಳ ಮಗ್ಗುಲಲ್ಲಿ ವಾಸಿಸಿದವರನ್ನು ಸೂಚಿಸುತ್ತವೆ. ಕೊಂತಿಗುಡಿಗಳ ಗುಂಪು ಊರ ಪೇಟೆಯ ನಡುವೆ ನಿಂತಿದೆ. ದೇಸಿಯರ ಗುಡಿ ಎಂಬ ಹೆಸರೂ ಉಂಟು. ವರ್ತಕರಿಗೆ ದೇಸಿ, ನಾನಾದೇಸಿ ಎಂಬ ಪದಗಳು ಶಾಸನಗಳಲ್ಲಿ ರೂಢವಾಗಿದ್ದುದನ್ನು ನೆನೆದರೆ ಈ ಹೆಸರು ವಿಚಾರಕ್ಕೆ ಎಡೆಗೊಡುತ್ತದೆ. ಆದರೆ ಊರಿನ ಬಾಯಲ್ಲಿ ಉಳಿದ ಹೆಸರೊಂದನ್ನೇ ನೆಚ್ಚಿ ಚರಿತ್ರೆಯನ್ನು ಕಟ್ಟುವುದು ಸರಿಯಾಗದು.

2. ಐನೂರ್ವರ ಹುಟ್ಟು

ಐಹೊಳೆಯ ಶಾಸನಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಮೇಗುತಿ ಜಿನಾಲಯದ ರವಿಕೀರ್ತಿಯ ಪ್ರಶಸ್ತಿ. ಶಕ 556, ಎಂದರೆ ಕ್ರಿ.ಶ. 634ರ ಈ ಸಂಸ್ಕೃತ ಶಾಸನವು ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ವರ್ಣಿಸುತ್ತದೆ. ಕಾಳಿದಾಸ ಭಾರವಿಗಳ ಹೆಸರನ್ನು ಕಾಲನಿರ್ದೇಶದೊಂದಿಗೆ ಹೇಳುವುದರಿಂದ ಸಾಹಿತ್ಯ ಚರಿತ್ರೆಗೂ ಇದು ಬೆಲೆಯುಳ್ಳದ್ದು. ಆದರೆ ಅದರಲ್ಲಿ ವರ್ತಕರ ಸುಳಿವಿಲ್ಲ. ರಾಜನನ್ನೂ ಕವಿಯನ್ನೂ ನೆನೆದ ಕಲ್ಲು ಸಂತೆಯನ್ನು ನೆನೆಯಲಿಲ್ಲ.

ಐನೂರರ ಸಂಖ್ಯೆ ಮೊದಲು ಕಾಣಿಸಿಕೊಳ್ಳುವುದು ಇಲ್ಲಿಯ ಲಾಡಖಾನ ಗುಡಿಯ ಶಾಸನದಲ್ಲಿ. ಲಿಪಿಯಿಂದ ಸುಮಾರು 8-9ನೆಯ ಶತಮಾನಕ್ಕೆ ಸೇರುವ ಆ ಬರಹದಲ್ಲಿ ಬರುವ ಐನೂರ್ವರು ಚತುರ್ವೇದಿಗಳಾದ ಮಹಾಜನರು. ಇದು ವಿದ್ವಾಂಸರನ್ನು ಬಹುಕಾಲದಿಂದ ಚಿಂತೆಗೆ ಹಚ್ಚಿದ ವಿಷಯ. ವೇದಾಧ್ಯಯನದ ಮಹಾಜನರ ಸಭೆಯೇ ಕ್ರಮೇಣ ವ್ಯಾಪಾರದಲ್ಲಿ ಹಣವನ್ನು ತೊಡಗಿಸಿ ವಣಿಕ್ ಸಂಘವಾಯಿತೆ? ಅಥವಾ ಮಹಾಜನರ ಐನೂರು ಎಂಬ ಪ್ರತಿಷ್ಠಿತ ಹೆಸರನ್ನು ಅದೇ ಊರಿನ ವರ್ತಕರು ತಮ್ಮ ಸಂಘಕ್ಕೂ ಇಟ್ಟುಕೊಂಡರೆ? ಎರಡೂ ಅಭಿಪ್ರಾಯಗಳಿಗೆ ಸಮರ್ಥಕರಿದ್ದಾರೆ. ಈ ಊರಿನಲ್ಲಿ ಕೂಡಿ ನಿರ್ಣಯಿಸುವ, ಕೂಡಿ ದಾನಮಾಡುವ ಸಭೆಯ ಪದ್ಧತಿ ಬಹು ಹಿಂದೆಯೇ ನೆಲೆಗೊಂಡಿತ್ತೆಂಬುದಂತೂ ನಿಸ್ಸಂದೇಹ. ಸಂಖ್ಯೆಯಿಂದ ಸಭೆಯನ್ನು ಹೆಸರಿಸುವ ವಾಡಿಕೆಯೂ ಕನ್ನಡ ಶಾಸನಗಳಲ್ಲಿ ಸಾಮಾನ್ಯವಾದುದೇ.

ಗೌಡರ ಗುಡಿಯ ಶಾಸನದಲ್ಲಿ ದುರ್ಗಾಭಗವತಿಯ ಉಲ್ಲೇಖವಿದೆ. ಮುಂದೆ ಐನೂರ್ವರ ಪ್ರಶಸ್ತಿಗಳು ತಮ್ಮನ್ನು ಭಗವತಿಯ ವರಪ್ರಸಾದವನ್ನು ಪಡೆದವರೆಂದು ಬಣ್ಣಿಸುತ್ತವೆ. ತಮಿಳು ಪ್ರಶಸ್ತಿಗಳಲ್ಲಂತೂ ಅವರು ಅಯ್ಯಪ್ಪೊಳಿಲಿನ ಪರಮೇಶ್ವರಿಯ ಮಕ್ಕಳು. ಹುಟ್ಟೂರನ್ನು ಎಂದೂ ಕಾಣದ ವರ್ತಕರು ಕೂಡ, ನೂರಾರು ಹರದಾರಿಗಳಾಚೆಯ ಪೇಟೆಯಲ್ಲಿ ನಿಂತು, ಮಲಪ್ರಭೆಯ ದಂಡೆಯ ದೇವಿಯನ್ನು ತಮ್ಮ ತಾಯಿಯೆಂದು ಹೇಳಿಕೊಂಡರು.

3. ಕಲ್ಲೇ ಕಡತ

ನಮ್ಮ ವರ್ತಕರ ಲೆಕ್ಕದ ಪುಸ್ತಕಗಳು ಆ ಕಾಲದಿಂದ ಉಳಿದುಬಂದಿಲ್ಲ. ಓಲೆ ಹುಳು ತಿಂದು ಹೋಯಿತು. ಕಡತದ ಬಟ್ಟೆ ಜೀರ್ಣವಾಯಿತು. ಉಳಿದದ್ದು ಕಲ್ಲು. ಆದ್ದರಿಂದ ಐನೂರ್ವರ ಚರಿತ್ರೆಗೆ ಶಿಲಾಶಾಸನಗಳೇ ದಫ್ತರ. ಮುನ್ನೂರಕ್ಕೂ ಮಿಕ್ಕಿದ ಅಂಥ ಶಾಸನಗಳನ್ನು ವಿದ್ವಾಂಸರು ಲೆಕ್ಕಹಾಕಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಕರ್ನಾಟಕ ಮತ್ತು ತಮಿಳುನಾಡಿನವು. ಫ್ಲೀಟ್, ರೈಸ್ ಮೊದಲಾದವರು 19ನೆಯ ಶತಮಾನದಲ್ಲಿ ಆರಂಭಿಸಿದ ಶಾಸನ ಪ್ರಕಟಣೆಯ ಕಾರ್ಯವನ್ನು ಕುಂದಣಗಾರ, ಪಿ.ಬಿ. ದೇಸಾಯಿ ಮುಂತಾದ ನಮ್ಮ ವಿದ್ವಾಂಸರು ಮುಂದುವರಿಸಿದರು. 1988ರಲ್ಲಿ ಮೀರಾ ಅಬ್ರಹಾಂ ಅವರು ದಕ್ಷಿಣ ಭಾರತದ ಎರಡು ವಣಿಕ್ ಸಂಘಗಳನ್ನು ಕುರಿತು ಪ್ರಕಟಿಸಿದ ಗ್ರಂಥವೂ, 2002ರಲ್ಲಿ ಜಪಾನಿನ ನೊಬೊರು ಕರಾಶಿಮಾ ಅವರ ಸಂಪಾದಕತ್ವದಲ್ಲಿ ಹೊರಬಂದ ಹಿಂದೂ ಮಹಾಸಾಗರದ ವಾಣಿಜ್ಯವನ್ನು ಕುರಿತ ಸಂಪುಟವೂ ಈ ಅಧ್ಯಯನವನ್ನು ಬಹುದೂರ ಕೊಂಡೊಯ್ದಿವೆ.

ಇಂಥ ಶಾಸನದ ರಚನೆಯನ್ನು ಸಾಹಿತ್ಯ ವಿದ್ಯಾರ್ಥಿಗಳು ಅರಿತಿರುವುದು ಒಳ್ಳೆಯದು. ಮೊದಲು ಮಂಗಳ ಶ್ಲೋಕ; ಅನಂತರ ಆಳುವ ಚಕ್ರವರ್ತಿಯ, ಮಾಂಡಲಿಕನ, ಅಧಿಕಾರಿಯ ಹೊಗಳಿಕೆ; ಆಮೇಲೆ ಐನೂರ್ವರ ಸ್ವಂತ ಪ್ರಶಸ್ತಿ. ಅದರ ಬೆನ್ನಿಗೆ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರಗಳು. ಗ್ರಹಣ ಸಂಕ್ರಮಣಗಳ ಪುಣ್ಯಕಾಲ. ದಾನವನ್ನು ಸ್ವೀಕರಿಸುವ ಆಚಾರ್ಯನ ಕಾಲು ತೊಳೆದು ಧಾರೆಯೆರೆದ ವಿವರ. ಯಾವ ಸರಕಿಗೆ ಎಷ್ಟು ಆಯವೆಂಬ ಪಟ್ಟಿ. ಕೊನೆಗೆ ಇದನ್ನು ಪಾಲಿಸಿದವರಿಗೆ ಪುಣ್ಯ, ಅಳಿದವರಿಗೆ ಪಾಪವೆಂಬ ಶಾಪಾಶಯ. ಈ ಪಟ್ಟಿಯ ಭಾಗವೇ ವಾಣಿಜ್ಯ ಚರಿತ್ರೆಯ ಜೀವಾಳ.

ಪ್ರಶಸ್ತಿಯ ಭಾಗದಲ್ಲಿ ಐನೂರ್ವರು ಸತ್ಯ, ಶೌಚ, ವಿನಯಗಳಿಂದ ಕೂಡಿದವರೆಂದೂ ವೀರಬಣಂಜು ಧರ್ಮವನ್ನು ಪಾಲಿಸುವವರೆಂದೂ ಹೇಳಿಕೊಳ್ಳುತ್ತಾರೆ. ಹದಿನೆಂಟು ಪಟ್ಟಣ, ಮೂವತ್ತೆರಡು ವೇಳಾಪುರ, ಅರುವತ್ತನಾಲ್ಕು ಘಟಿಕಾಸ್ಥಾನಗಳು ತಮ್ಮವೆನ್ನುತ್ತಾರೆ. ಇವು ರೂಢಿಯ ಸಂಖ್ಯೆಗಳು; ಎಣಿಸಿ ಬರೆದವಲ್ಲ. ಆದರೂ ಪೇಟೆ, ರೇವು, ವಿದ್ಯಾಸ್ಥಾನ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ವರ್ತಕರ ಮನೋಧರ್ಮ ಗಮನಾರ್ಹ. ವೀರ ಎಂಬ ವಿಶೇಷಣವೂ ಬರಿಯ ಅಲಂಕಾರವಲ್ಲ. ಕಾಡು ಕಣಿವೆಗಳ ದಾರಿಯಲ್ಲಿ ಸರಕನ್ನು ಕಾಯಲು ಅವರು ಆಯುಧಪಾಣಿಗಳಾದ ಪಡೆಯನ್ನು ಇಟ್ಟುಕೊಂಡಿದ್ದರು. ತಮಿಳು ನಾಡಿನಲ್ಲಿ ಅಂಥ ರಕ್ಷಿತ ಪೇಟೆಗಳಿಗೆ ಎರಿವೀರಪಟ್ಟಣವೆಂಬ ಹೆಸರೇ ಇತ್ತು.

1050ರ ದಶಕಕ್ಕೆ ಸೇರಿದ, ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯ ಶಾಸನವೊಂದರಲ್ಲಿ ಈ ವರ್ತಕರ ಸಂಚಾರದ ಚಿತ್ರ ಪೂರ್ಣವಾಗಿ ಮೂಡಿದೆ. ಚೇರ, ಚೋಳ, ಪಾಂಡ್ಯ, ಮಲೆಯ, ಮಗಧ, ಕೋಸಲ, ಸೌರಾಷ್ಟ್ರ, ಕಾಂಭೋಜ, ಲಾಳ, ಪಾರಸ, ನೇಪಾಳಗಳು ಅವರು ಸುತ್ತಿದ ದೇಶಗಳ ಪಟ್ಟಿಯಲ್ಲಿವೆ. ಅದೇ ಪಟ್ಟಿಯಲ್ಲಿ ಏಕಪಾದರ, ಲಂಬಕರ್ಣರ ನಾಡುಗಳೂ ಸ್ತ್ರೀರಾಜ್ಯವೂ ಸೇರಿಕೊಂಡಿರುವುದರಿಂದ ಕವಿಕಲ್ಪನೆಗೂ ಅಲ್ಲಿ ಎಡೆಯಿದೆಯೆಂಬುದು ಸ್ಪಷ್ಟ. ಸರಕಿನ ಪಟ್ಟಿ ಹೆಚ್ಚು ನಂಬಿಕೆಗೆ ಅರ್ಹ: ಆನೆ, ಕುದುರೆ, ನೀಲ, ಮುತ್ತು, ಮಾಣಿಕ್ಯ, ವಜ್ರ, ವೈಡೂರ್ಯ, ಹವಳ, ಪಚ್ಚೆ, ಏಲಕ್ಕಿ, ಲವಂಗ, ಗುಗ್ಗುಳ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿ. ಇವನ್ನು ಸಗಟಾಗಿಯೂ ಮಾರುತ್ತಿದ್ದರು, ಹೆಗಲ ಮೇಲೆ ಹೊತ್ತು ಬಿಡಿಬಿಡಿಯಾಗಿಯೂ ಮಾರುತ್ತಿದ್ದರು. ದೊಡ್ಡ ವಡ್ಡವ್ಯವಹಾರಿಯಿಂದ ಹಿಡಿದು ಗಂಟು ಹೊತ್ತು ತಿರುಗುವ ಬಡ ವ್ಯಾಪಾರಿಯವರೆಗೆ ಎಲ್ಲರೂ ಒಂದೇ ಹೆಸರಿನ ನೆರಳಿನಲ್ಲಿ ನಡೆದರೆಂದು ಇದರಿಂದ ಊಹಿಸಬಹುದಾಗಿದೆ.

ಬೆಳಗಾವಿಯ 1204ರ ಶಾಸನವು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ್ದು. ಕುಂಡಿ ಮೂರುಸಾಸಿರದ ವರ್ತಕರೊಡನೆ ಲಾಳ ದೇಶದ, ಎಂದರೆ ಗುಜರಾತದ ವ್ಯಾಪಾರಿಗಳೂ ಮಲೆಯಾಳ ವ್ಯಾಪಾರಿಗಳೂ ಅಕ್ಕಸಾಲಿಗರೂ ಜವಳಿಗರೂ ನೆರೆದು ರಟ್ಟ ಜಿನಾಲಯಕ್ಕೆ ಆಯವನ್ನು ಬಿಟ್ಟುಕೊಟ್ಟರೆಂದು ಅದು ತಿಳಿಸುತ್ತದೆ. ಕುದುರೆ, ಭತ್ತ, ಮೆಣಸು, ಶುಂಠಿ, ಅರಿಸಿನ, ಎಲೆ, ಅಡಕೆ, ತೆಂಗಿನಕಾಯಿಗಳು ಅಲ್ಲಿ ಸಾಲಾಗಿ ಬರುತ್ತವೆ. ಪಶ್ಚಿಮ ಕರಾವಳಿಯ ಸರಕು ಘಟ್ಟವನ್ನೇರಿ ಒಳನಾಡಿಗೆ ಬರುತ್ತಿದ್ದ ದಾರಿಯನ್ನು ಈ ಒಂದು ಪಟ್ಟಿಯೇ ತೋರಿಸಿಕೊಡುತ್ತದೆ. ಆ ಶಾಸನದ ಕಲ್ಲು ಸೇರಿದ್ದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ. ಬಾರ್ನೆಟ್ಟರು ಅದನ್ನು ಓದಿ ಪ್ರಕಟಿಸಿದರು. ನಮ್ಮ ಪೇಟೆಯ ದಾಖಲೆಯೊಂದು ಕಡಲು ದಾಟಿ ಹೋದ ಈ ಸಂಗತಿಯನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

4. ಹೆಸರಿನ ದೂರಪ್ರಯಾಣ

ಸುಮಾತ್ರದ ಪಶ್ಚಿಮ ತೀರದ ಬಾರೂಸಿನ ಹತ್ತಿರ ಲೋಬು ತುವಾ ಎಂಬಲ್ಲಿ 1873ರಲ್ಲಿ ದೊರೆತ ತಮಿಳು ಶಾಸನವು ಶಕ 1010, ಎಂದರೆ ಕ್ರಿ.ಶ. 1088ರದು. ಅದರಲ್ಲಿ ದಿಸೆಯಾಯಿರತ್ತು ಐನ್ನೂರ್ರುವರ, ಎಂದರೆ ಸಾವಿರ ದಿಕ್ಕುಗಳ ಐನೂರ್ವರ ಉಲ್ಲೇಖವಿದೆ. ಕರ್ಪೂರಕ್ಕೆ ಹೆಸರಾದ ರೇವಿನಲ್ಲಿ ಅವರು ನೆಲೆಯೂರಿ ತಮ್ಮ ಕಟ್ಟಳೆಯನ್ನು ಕಲ್ಲಿನಲ್ಲಿ ಬರೆಸಿದ್ದರು. ಬರ್ಮಾ ದೇಶದ ಪಗಾನಿನಲ್ಲಿ 13ನೆಯ ಶತಮಾನದ ಹೊತ್ತಿಗೆ ನಾನಾದೇಸಿಗಳ ಹೆಸರಿನ ವಿಷ್ಣು ದೇವಾಲಯವಿತ್ತು. ಸಿಂಹಳದ ಪೊಲೊನ್ನರುವ, ಪದವಿಯ ಮೊದಲಾದ ಎಡೆಗಳಲ್ಲಿಯೂ ಐನೂರ್ವರ ಶಾಸನಗಳು ದೊರೆತಿವೆ. ತಮಿಳು ನಾಡಿನ ಪಿರಾನ್ಮಲೈಯಲ್ಲಿರುವ 13ನೆಯ ಶತಮಾನದ ಶಾಸನವು ಸರಕುಗಳ ಮೇಲಿನ ಆಯವನ್ನು ವಿಸ್ತಾರವಾಗಿ ಕೊಡುತ್ತದೆ.

ಈ ಎಲ್ಲ ಊರುಗಳಲ್ಲಿ ಐಹೊಳೆಯಿಂದ ಹೊರಟ ಕನ್ನಡಿಗರೇ ನೆಲೆಸಿದ್ದರೆಂದು ಭಾವಿಸಬೇಕಾಗಿಲ್ಲ. ಪಗಾನಿನ ದೇವಾಲಯಕ್ಕೆ ಮಂಟಪವನ್ನು ಕಟ್ಟಿಸಿದವನು ಮಲೆಯಾಳದ ಮಗೋದಯರ್ ಪಟ್ಟಣದವನು. ಐನೂರ್ವರೆಂಬುದು ಕಾಲಕ್ರಮದಲ್ಲಿ ಒಂದು ಊರಿನ ಸಂಘವಾಗಿ ಉಳಿಯದೆ, ಹಲವು ನಾಡಿನ ಹಲವು ವರ್ತಕ ಗುಂಪುಗಳು ಒಪ್ಪಿಕೊಂಡ ಒಂದು ಬಿರುದಾಯಿತು, ಒಂದು ನಡವಳಿಕೆಯಾಯಿತು. ಅಪರಿಚಿತ ಪೇಟೆಯಲ್ಲಿ ಅಪರಿಚಿತನಿಗೆ ಸಾಲಕೊಡುವವನು ಯಾವ ಆಧಾರದಿಂದ ಕೊಡಬೇಕು? ರಾಜನ ಆಜ್ಞೆ ಗಡಿಯಾಚೆ ನಡೆಯದು. ಬಂಧುತ್ವ ಅಷ್ಟು ದೂರ ಹಬ್ಬದು. ಆ ತೆರಪನ್ನು ತುಂಬಿದ್ದು ಅಯ್ಯಾವೊಳೆ ಎಂಬ ಹೆಸರು ಮತ್ತು ಅದರ ಹಿಂದಿದ್ದ ಬಣಂಜು ಧರ್ಮದ ಕಟ್ಟು. ಪ್ರಶಸ್ತಿಯಲ್ಲಿ ಸತ್ಯಶೌಚಗಳನ್ನು ಮೊದಲಿಗೆ ಹೇಳಿಕೊಳ್ಳುವುದರ ಮರ್ಮ ಇದೇ ಇರಬೇಕು. ಮಾತು ತಪ್ಪಿದವನಿಗೆ ಆ ಹೆಸರಿನ ಆಸರೆ ಇಲ್ಲ. ಆಸರೆಯಿಲ್ಲದವನಿಗೆ ಮುಂದಿನ ಪೇಟೆಯಲ್ಲಿ ವ್ಯಾಪಾರವಿಲ್ಲ.

ಇಲ್ಲಿ ಇನ್ನೊಂದು ಅಚ್ಚರಿಯುಂಟು. ಹೆಸರು ಲೋಕವನ್ನು ಸುತ್ತಿದ್ದರೂ, ದೊಡ್ಡ ಸರಕುಪಟ್ಟಿಗಳು ದೊರೆಯುವುದು ಬಳ್ಳಿಗಾವೆ, ಬೆಳಗಾವಿ, ಪಿರಾನ್ಮಲೈಗಳಲ್ಲಿ. ಮನೆಯ ಲೆಕ್ಕವನ್ನು ತಿಳಿಯಬೇಕಾದರೆ ನೆಂಟರ ಊರಿಗೆ ಹೋಗಬೇಕಾದಂತಿದೆ ಐಹೊಳೆಯ ವಾಣಿಜ್ಯ ಚರಿತ್ರೆಯ ಸ್ಥಿತಿ. ಒಂದು ಪಟ್ಟಣದ ದಫ್ತರ ಆ ಪಟ್ಟಣದಲ್ಲಿಯೇ ಇರುತ್ತದೆಂಬ ನಿಯಮವಿಲ್ಲ. ಅದರ ಜನ ಮತ್ತು ಹೆಸರು ಹೋದಲ್ಲೆಲ್ಲ ಅದು ಚದುರಿಹೋಗಿರುತ್ತದೆ. ಸ್ಥಳೀಯ ಚರಿತ್ರೆಯನ್ನು ಬರೆಯಹೊರಟ ತರುಣರು ಇದನ್ನು ನೆನಪಿನಲ್ಲಿಡಬೇಕು.

5. ಐನೂರ್ವರ ಧರ್ಮ ಯಾವುದು?

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರಬಹುದು. ಐನೂರ್ವರು ಯಾವ ಮತದವರು? ದಾಖಲೆಗಳ ಉತ್ತರ ನಿಚ್ಚಳವಾಗಿದೆ: ಅವರು ಒಂದೇ ಮತದವರಲ್ಲ. ಬಳ್ಳಿಗಾವೆಯಲ್ಲಿ ಅವರ ನಂಟು ಕಾಳಾಮುಖ ಶೈವಾಚಾರ್ಯರ ಸ್ಥಾನಗಳೊಡನೆ ಇತ್ತು. ಅಲ್ಲಿಯ ಕೋಡಿಯ ಮಠವನ್ನು 1162ರ ಶಾಸನವು ವಿದ್ಯಾದಾನ, ಅನ್ನದಾನ, ಔಷಧದಾನಗಳ ನೆಲೆಯೆಂದು ವರ್ಣಿಸುತ್ತದೆ. ತೇರದಾಳದ 12ನೆಯ ಶತಮಾನದ ಶಾಸನಗಳಲ್ಲಿ ಅದೇ ವೀರಬಣಂಜಿಗರು ನೇಮಿನಾಥ ಬಸದಿಗೆ ಆಯ ಬಿಡುತ್ತಾರೆ. ಪಗಾನಿನಲ್ಲಿ ವಿಷ್ಣು; ಸಿಂಹಳದಲ್ಲಿ ಬೌದ್ಧ ಕ್ಷೇತ್ರಗಳ ನೆರೆ; ಎಲ್ಲೆಡೆಯೂ ಭಗವತಿ. ಐಹೊಳೆಯಲ್ಲಿಯೇ ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳು ಒಂದರ ಮಗ್ಗುಲಲ್ಲಿ ಒಂದು ನಿಂತಿವೆ.

ಹೀಗಿರುವಾಗ ಐನೂರ್ವರನ್ನು ಸಾರಾಸಗಟಾಗಿ ವೀರಶೈವರೆಂದು ಹೇಳುವುದು ಇತಿಹಾಸಕ್ಕೆ ಸಮ್ಮತವಾಗದು. ಬಣಂಜಿಗ ಎಂಬ ಪದ ವಣಿಜ ಎಂಬ ವೃತ್ತಿವಾಚಕದಿಂದ ಬಂದುದು. ಆ ವೃತ್ತಿಯ ಅನೇಕ ಕುಟುಂಬಗಳು ಶರಣರ ಮಾರ್ಗವನ್ನು ಹಿಡಿದುದೂ, ಮುಂದೆ ನಮ್ಮ ಸಮಾಜದ ಪೇಟೆಗಳನ್ನೂ ಮಠಗಳನ್ನೂ ಪೋಷಿಸಿದುದೂ ಸತ್ಯ. ಆದರೆ ಅದು ಒಂದು ಚಾರಿತ್ರಿಕ ಪರಿವರ್ತನೆ. ಅದಕ್ಕೆ ಆದಿಯುಂಟು, ನಡುವುಂಟು, ಕಾರಣಗಳುಂಟು. ಮೊದಲಿನಿಂದಲೂ ಹಾಗೆಯೇ ಇತ್ತೆಂದು ಹೇಳಿಬಿಟ್ಟರೆ ಆ ಪರಿವರ್ತನೆಯ ಮಹತ್ವವೇ ಮರೆಯಾಗುತ್ತದೆ. ಶರಣರು ಹೊಸತೊಂದನ್ನು ಹೇಳಿದರೆಂದು ನಂಬುವ ನಾವು, ಅದಕ್ಕೆ ಮುಂಚಿನದೂ ನಮ್ಮದೇ ಎಂದು ಹಕ್ಕು ಸಾಧಿಸುವುದರಲ್ಲಿ ಹಿತವೇನಿದೆ?

ಲಾಳ ಸೌರಾಷ್ಟ್ರಗಳ ವರ್ತಕರು ಕನ್ನಡ ನಾಡಿಗೆ ಬಂದು ನೆಲೆಸಿದ ಸಂಗತಿಗೆ ನಮ್ಮ ಸಾಹಿತ್ಯದಲ್ಲಿಯೂ ಸಾಕ್ಷಿಯಿದೆ. ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಪುಲಿಗೆರೆಗೆ ಬಂದ ಆದಯ್ಯನೇ ರಾಘವಾಂಕನ ಸೋಮನಾಥ ಚಾರಿತ್ರದ ನಾಯಕ. ಪುಲಿಗೆರೆಯ ಜೈನ ವರ್ತಕನ ಮಗಳು ಪದ್ಮಾವತಿಯನ್ನು ವರಿಸಿದ ಆತನ ಕಥೆ ಭಕ್ತಿಯ ಕಥೆ. ಆದರೆ ಅದರ ಹಿನ್ನೆಲೆಯಲ್ಲಿರುವುದು ಬೆಳಗಾವಿಯ ಶಾಸನದಲ್ಲಿ ಕಾಣುವ ಅದೇ ವಾಣಿಜ್ಯ ಲೋಕ. ಕಾವ್ಯ ಮತ್ತು ಶಾಸನ ಪರಸ್ಪರ ಕೈಹಿಡಿಯುವ ಇಂಥ ಎಡೆಗಳು ಸಂಶೋಧಕರಿಗೆ ಅಮೂಲ್ಯ.

6. ಕಲ್ಲು ಹೇಳದೆ ಬಿಟ್ಟದ್ದು

ಶಾಸನದ ಪಟ್ಟಿಗಳನ್ನು ಓದುವಾಗ ಒಂದು ಪ್ರಶ್ನೆ ಮನಸ್ಸನ್ನು ಬಿಡದೆ ಕಾಡುತ್ತದೆ. ಇಂತಿಷ್ಟು ಹೇರಿಗೆ ಇಷ್ಟು ವೀಸ, ಗಾಣವೊಂದಕ್ಕೆ ಇಷ್ಟು ಸೊಲ್ಲಿಗೆ ಎಣ್ಣೆ, ಎಲೆಯ ಹೇರಿಗೆ ಇಷ್ಟು ಎಲೆ, ಪಸರವೊಂದಕ್ಕೆ ಇಷ್ಟು ಹಾಗ ಎಂದು ಶಾಸನಗಳು ಬರೆಯುತ್ತವೆ. ಹಾಗವೆಂದರೆ ಪಣದ ನಾಲ್ಕರಲ್ಲೊಂದು ಭಾಗ; ವೀಸವೆಂದರೆ ಹದಿನಾರರಲ್ಲೊಂದು ಭಾಗ. ಚಿಕ್ಕ ಚಿಕ್ಕ ಮೊತ್ತಗಳು. ಅವೇ ಕೂಡಿ ನಂದಾದೀವಿಗೆ ಉರಿಯಿತು, ಮಠದಲ್ಲಿ ಅನ್ನ ಬೆಂದಿತು, ಮಕ್ಕಳು ಅಕ್ಷರ ಕಲಿತರು. ಅದು ನಿಶ್ಚಯವಾಗಿಯೂ ಸತ್ಕಾರ್ಯ. ಆದರೆ ದಾನದ ಪುಣ್ಯ ಬರೆಯಲ್ಪಟ್ಟದ್ದು ನೆರೆದ ಸೆಟ್ಟಿಗಳ, ಪಟ್ಟಣಸ್ವಾಮಿಗಳ ಹೆಸರಿಗೆ. ಆ ವೀಸವನ್ನು ನಿಜವಾಗಿ ತೆತ್ತ ಗಾಣಿಗ, ಎಲೆ ಮಾರುವವ, ಹೇರೆತ್ತನ್ನು ಹೊಡೆಯುವ ಆಳು, ಹೊಳೆ ದಾಟಿಸುವ ಅಂಬಿಗ ಇವರ ಹೆಸರು ಆ ಪಟ್ಟಿಗಳಲ್ಲಿ ಬಾರದು. ಅಲ್ಲಿ ಗಾಣಿಗನೆಂದರೆ ಒಂದು ಗಾಣ. ಎಲೆಗಾರನೆಂದರೆ ಒಂದು ಹೇರು.

ಇದು ಶಾಸನದ ದೋಷವಲ್ಲ. ಅದರ ಉದ್ದೇಶವೇ ಬೇರೆ. ಆಯವನ್ನು ನಿಶ್ಚಯಿಸುವ ಪತ್ರದಲ್ಲಿ ಆಯ ತೆರುವವನ ಬಾಳಿನ ವಿವರ ಏಕೆ ಬರಬೇಕು? ಆದರೆ ಇದೇ ಕಾಲಕ್ಕೆ, ಇದೇ ಸೀಮೆಯಲ್ಲಿ ಹುಟ್ಟಿದ ಇನ್ನೊಂದು ಬಗೆಯ ದಾಖಲೆಯ ಬೆಲೆ ಇದರಿಂದ ನಮಗೆ ಮನದಟ್ಟಾಗುತ್ತದೆ. ಗಾಣದ ಕಣ್ಣಪ್ಪ, ಅಂಬಿಗರ ಚೌಡಯ್ಯ, ಎಲೆಗಾರ ಕಾಮಣ್ಣ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಹೆಂಡದ ಮಾರಯ್ಯ ಇವರೆಲ್ಲ ವಚನ ಸಾಹಿತ್ಯದಲ್ಲಿ ತಮ್ಮ ಕಾಯಕದ ಹೆಸರನ್ನು ಹೊತ್ತೇ ಬಂದು ನಿಲ್ಲುತ್ತಾರೆ. ಪಟ್ಟಿಯಲ್ಲಿ ಗಾಣವಾಗಿದ್ದವನು ಇಲ್ಲಿ ಕಣ್ಣಪ್ಪನಾಗುತ್ತಾನೆ. ಸುಂಕವನ್ನು ವಸೂಲು ಮಾಡುವ ಬಂಕಣ್ಣನೂ ಬಂಕೇಶ್ವರಲಿಂಗವೆಂಬ ಅಂಕಿತದಲ್ಲಿ ತನ್ನ ವೃತ್ತಿಯ ಮಾತುಗಳಿಂದಲೇ ಅನುಭಾವವನ್ನು ಹೇಳುತ್ತಾನೆ. ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರ ವಚನಗಳಲ್ಲಿ ಟಂಕಸಾಲೆ, ನಾಣ್ಯ, ತಕ್ಕಡಿಗಳು ರೂಪಕಗಳಾಗಿ ಬರುವುದು ಆಕಸ್ಮಿಕವಲ್ಲ. ಪೇಟೆಯ ಭಾಷೆಯನ್ನು ಬಲ್ಲ ಜನಕ್ಕೆ ಪೇಟೆಯ ಭಾಷೆಯಲ್ಲಿಯೇ ಹೇಳಿದ ಮಾತು ಅದು.

ವಚನಗಳ ಹಸ್ತಪ್ರತಿಗಳು ಬಹುಮಟ್ಟಿಗೆ 15ನೆಯ ಶತಮಾನದಿಂದ ಈಚಿನವು. ಆದ್ದರಿಂದ ಅವನ್ನು ತೇದಿಯುಳ್ಳ ಶಾಸನದಂತೆ ಬಳಸಲಾಗದೆಂಬ ಎಚ್ಚರ ಸಂಶೋಧಕನಿಗೆ ಇರಬೇಕು. ಆದರೆ ಶಾಸನವನ್ನೂ ವಚನವನ್ನೂ ಜೊತೆಯಲ್ಲಿಟ್ಟು ಓದಿದರೆ ಒಂದು ಮುಖ್ಯ ಭೇದ ಗೋಚರಿಸುತ್ತದೆ. ಸಂಘದ ದಾನವು ಇತರರ ಹೇರಿನ ಮೇಲೆ ವಿಧಿಸಿದ ಆಯ. ಶರಣರ ದಾಸೋಹ ತನ್ನ ಕೈಯ ಕಾಯಕದಿಂದ ಬಂದ ಗಳಿಕೆ. ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದಾಗ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದ ಲಕ್ಕಮ್ಮನ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಹೇರು ಹೇರಾಗಿ ಸರಕು ಸಾಗುತ್ತಿದ್ದ, ದಾನವೂ ದರಪಟ್ಟಿಯ ಪ್ರಕಾರ ನಡೆಯುತ್ತಿದ್ದ ಕಾಲದಲ್ಲಿ ಆ ಮಾತು ಹುಟ್ಟಿತೆಂಬುದನ್ನು ನೆನೆದಾಗ ಅದರ ಧೈರ್ಯ ಇನ್ನೂ ಹೆಚ್ಚಾಗಿ ತಿಳಿಯುತ್ತದೆ. ವಾಣಿಜ್ಯದ ದಾಖಲೆಗಳನ್ನು ಓದದೆ ಕಾಯಕ ತತ್ತ್ವದ ಹೊಸತನವನ್ನು ಪೂರ್ತಿಯಾಗಿ ಅಳೆಯಲಾಗದೆಂದು ಹೇಳುವುದು ಇದಕ್ಕಾಗಿಯೇ.

7. ಉಳಿದಿರುವುದನ್ನು ಉಳಿಸುವ ಬಗೆ

ವಿಜಯನಗರದ ಕಾಲದವರೆಗೂ ಅಯ್ಯಾವೊಳೆಯ ಹೆಸರು ವರ್ತಕರ ಶಾಸನಗಳಲ್ಲಿ ಕೇಳಿಬರುತ್ತದೆ. ಅನಂತರ ಅದು ಕ್ರಮೇಣ ಮಾಸಿತು. ಊರು ಹಳ್ಳಿಯಾಯಿತು, ಗುಡಿಗಳು ಮನೆಗಳಾದವು, ಕೊಟ್ಟಿಗೆಗಳಾದವು. ಹೊಳೆಯಂತೂ ತನ್ನ ಹಳೆಯ ಸ್ವಭಾವವನ್ನು ಬಿಟ್ಟಿಲ್ಲ: 2009ರಲ್ಲಿಯೂ 2019ರಲ್ಲಿಯೂ ಮಲಪ್ರಭೆಯ ಮಹಾಪೂರ ಈ ಭಾಗವನ್ನು ಪೀಡಿಸಿತು.

ಕಲ್ಲಿನ ದಾಖಲೆಗಳಿಗೆ ಪುರಾತತ್ತ್ವ ಇಲಾಖೆಯ ರಕ್ಷಣೆಯಿದೆ. ಅವುಗಳ ಪಾಠಗಳು ಗ್ರಂಥಗಳಲ್ಲಿ ಅಚ್ಚಾಗಿವೆ. ನಿಜವಾದ ಅಪಾಯವಿರುವುದು ಈಚಿನ ದಾಖಲೆಗಳಿಗೆ. ಹುಣಿಸೆಬೀಜದ ಅಂಟು ಮತ್ತು ಇದ್ದಿಲನ್ನು ಬಟ್ಟೆಗೆ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಡತಗಳು; ಕೆಂಪು ಬಟ್ಟೆಯ ಹೊದಿಕೆಯ ವ್ಯಾಪಾರದ ಬಹಿಗಳು; ಉತ್ತರ ಕರ್ನಾಟಕದಲ್ಲಿ ಮೋಡಿ ಲಿಪಿಯಲ್ಲಿ ಬರೆದ ಕಾಗದಪತ್ರಗಳು ಇಂದಿಗೂ ಹಳೆಯ ವರ್ತಕ ಮನೆತನಗಳಲ್ಲಿ, ಮಠಗಳ ಅಟ್ಟಗಳಲ್ಲಿ ಅಲ್ಲಲ್ಲಿ ಇವೆ. ಮೋಡಿಯನ್ನು ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಓದಲು ಬಾರದ ಕಾಗದ ರದ್ದಿಯಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಿಲ್ಲ. ಶಾಸನದಲ್ಲಿ ಬಾರದ ಸಂಗತಿಗಳೆಲ್ಲ ಇರುವುದು ಈ ಕಾಗದಗಳಲ್ಲಿ: ಯಾರು ಯಾರಿಗೆ ಸಾಲ ಕೊಟ್ಟರು, ಬರಗಾಲದಲ್ಲಿ ಜೋಳದ ಧಾರಣೆ ಏನಿತ್ತು, ಜಾತ್ರೆಗೆ ಯಾರು ಎಷ್ಟು ಕಾಣಿಕೆ ಸಲ್ಲಿಸಿದರು, ಕೂಲಿಯಾಳಿಗೆ ದಿನಕ್ಕೆ ಏನು ದೊರೆಯುತ್ತಿತ್ತು ಎಂಬ ಸಂಗತಿಗ��ು. ಶಾಸನದಲ್ಲಿ ಹೇರಾಗಿ ಮಾತ್ರ ಇದ್ದ ಮನುಷ್ಯ ಅಲ್ಲಿ ತನ್ನ ಹೆಸರಿನಿಂದ ದೊರೆಯುವ ಸಂಭವವಿದೆ.

ಆದ್ದರಿಂದ ನಮ್ಮ ಮಠಾಧೀಶರಲ್ಲಿಯೂ ಹಳೆಯ ವ್ಯಾಪಾರ ಮನೆತನಗಳಲ್ಲಿಯೂ ಒಂದು ವಿನಂತಿ. ಅಟ್ಟದ ಮೇಲಿನ ಕಡತವನ್ನು, ಗೋಡೆಯಲ್ಲಿ ಹೂತ ಅಕ್ಷರದ ಕಲ್ಲನ್ನು ಕಸವೆಂದು ತೆಗೆದುಹಾಕುವ ಮುನ್ನ ಬಲ್ಲವರಿಗೆ ತೋರಿಸಬೇಕು. ಪೂಜೆಗಾಗಿ ಎಣ್ಣೆ ಕುಂಕುಮ ಮೆತ್ತಿದ ಶಾಸನವನ್ನು ಶುಚಿಗೊಳಿಸಿ ಪಡಿಯಚ್ಚು ತೆಗೆಯಲು ಅವಕಾಶ ಕೊಡಬೇಕು. ಮೂಲವನ್ನು ಕೈಬಿಡಲು ಮನಸ್ಸಿಲ್ಲದಿದ್ದರೆ ಛಾಯಾಪ್ರತಿಯನ್ನಾದರೂ ವಿಶ್ವವಿದ್ಯಾಲಯಗಳ ಹಸ್ತಪ್ರತಿ ಭಂಡಾರಗಳಿಗೆ ಒಪ್ಪಿಸಬೇಕು. ಸಾಹಿತ್ಯದ ವಿದ್ಯಾರ್ಥಿಗಳು ಹಳಗನ್ನಡ ಲಿಪಿಯ ಜೊತೆಗೆ ಮೋಡಿಯನ್ನೂ ಕಲಿಯುವಂತಾಗಬೇಕು. ಬೆಳಗಾವಿಯ ಕಲ್ಲನ್ನು ಓದಲು ಲಂಡನ್ನಿನ ವಿದ್ವಾಂಸರು ಬೇಕಾಯಿತು. ನಮ್ಮ ಅಟ್ಟಗಳ ಬಹಿಗಳನ್ನು ಓದಲು ನಾವೇ ಇರಬೇಕು.

ಅಯ್ಯಾವೊಳೆಯ ವರ್ತಕರು ತಮ್ಮ ಧರ್ಮವನ್ನು ಆಚಂದ್ರಾರ್ಕವಾಗಿ ನಡೆಯಲೆಂದು ಕಲ್ಲಿನಲ್ಲಿ ಬರೆಸಿದರು. ದೀಪದ ಎಣ್ಣೆ ಎಂದೋ ನಿಂತುಹೋಯಿತು, ಬರಹ ಉಳಿಯಿತು. ಅದನ್ನು ಓದಿ, ಇದ್ದುದನ್ನು ಇದ್ದಂತೆ ಹೇಳುವುದು ನಮ್ಮ ಪಾಲಿನ ಕಾಯಕ. ಅದರಲ್ಲಿ ನಮ್ಮದಲ್ಲದುದನ್ನು ನಮ್ಮದೆನ್ನದಿರುವುದೂ, ನಮ್ಮ ವಶದಲ್ಲಿರುವುದನ್ನು ಕಳೆಯದಿರುವುದೂ ಸಮನಾಗಿ ಸೇರಿದೆ.